ಟೆಕ್ಸಾಸ್‌ನಲ್ಲಿ ನಡೆಯುವ ಟ್ರಿಗರ್ ಕ್ಯಾಲಿಫೋರ್ನಿಯಾದಲ್ಲೂ ನಡೆಯುತ್ತಾ?

ಓದುಗರ ಪ್ರಶ್ನೆ: ನಾನು ಆಸ್ಟಿನ್‌ನಲ್ಲಿದ್ದೇನೆ, ಗ್ರೀನ್ ಕಾರ್ಡ್ ಇದೆ. ನನ್ನ ಎಆರ್-15 ರೈಫಲ್‌ಗೆ ಫೋರ್ಸ್ಡ್ ರೀಸೆಟ್ ಟ್ರಿಗರ್ ಹಾಕಿಸಿದ್ದೇನೆ. ಈಗ ಕೆಲಸ ಬದಲಾಗಿ ಸ್ಯಾನ್ ಹೋಸೆಗೆ ಹೋಗಬೇಕು. ಫೆಡರಲ್ ಸರ್ಕಾರವೇ ಈ ಟ್ರಿಗರ್‌ಗೆ ತಕರಾರಿಲ್ಲ ಅಂದಿದೆಯಂತೆ. ತಗೊಂಡು ಹೋಗಬಹುದಾ?

ಬೇಡ. ಟ್ರಿಗರನ್ನು ಬಿಚ್ಚಿ ಸೂಟ್‌ಕೇಸ್‌ನಲ್ಲಿ ಇಟ್ಟುಕೊಂಡು ಹೋಗುವುದೂ ಬೇಡ.

ನೀವು ಕೇಳಿದ ಸುದ್ದಿ ಸುಳ್ಳಲ್ಲ. 1934ರ ಫೆಡರಲ್ ಕಾನೂನಿನ ಪ್ರಕಾರ, ಟ್ರಿಗರ್ ಒಂದು ಸಲ ಕೆಲಸ ಮಾಡಿದಾಗ ತಾನಾಗಿಯೇ ಒಂದಕ್ಕಿಂತ ಹೆಚ್ಚು ಗುಂಡು ಹಾರಿದರೆ ಅದು ಮಷಿನ್ ಗನ್. ನಿಮ್ಮ ಟ್ರಿಗರ್‌ನಲ್ಲಿ ಆಗುವುದೇ ಬೇರೆ. ಪ್ರತಿ ಗುಂಡು ಹಾರಿದ ಮೇಲೆ ಬಂದೂಕಿನ ಒಳಗಿನ ಚಲನೆಯೇ ಟ್ರಿಗರನ್ನು ಬಲವಂತವಾಗಿ ಮುಂದಕ್ಕೆ ತಳ್ಳುತ್ತದೆ, ಬೆರಳು ಒತ್ತಿಕೊಂಡೇ ಇರುವುದರಿಂದ ಅದು ಮತ್ತೆ ಹಿಂದಕ್ಕೆ ಬರುತ್ತದೆ, ಹೀಗೆ ಗುಂಡುಗಳು ಸರಸರ ಹೋಗುತ್ತವೆ. ಆದರೆ ಲೆಕ್ಕಕ್ಕೆ ಪ್ರತಿ ಗುಂಡಿಗೂ ಟ್ರಿಗರ್ ಒಂದೊಂದು ಸಲ ಕೆಲಸ ಮಾಡಿದಂತೆಯೇ. ಲಾಸ್ ವೇಗಸ್‌ನಲ್ಲಿ 2017ರಲ್ಲಿ ನಡೆದ ಹತ್ಯಾಕಾಂಡದ ನಂತರ ಫೆಡರಲ್ ಸರ್ಕಾರ ಬಂಪ್ ಸ್ಟಾಕ್‌ಗಳನ್ನು, ಅಂದರೆ ಬಂದೂಕಿನ ಹಿಮ್ಮೆಟ್ಟುವ ಬಲ ಬಳಸಿ ಗುಂಡು ಸರಸರ ಹಾರುವಂತೆ ಮಾಡುವ ಹಿಡಿಕೆಗಳನ್ನು, ಮಷಿನ್ ಗನ್ ಪಟ್ಟಿಗೆ ಸೇರಿಸಿತ್ತು. 2024ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ 6-3 ಬಹುಮತದಿಂದ ಅದನ್ನು ರದ್ದು ಮಾಡಿದ್ದೂ ಇದೇ ತರ್ಕದ ಮೇಲೆ. ಆ ಕೇಸ್ ಹಾಕಿದ ಮೈಕೆಲ್ ಕಾರ್ಗಿಲ್ ನಿಮ್ಮ ಆಸ್ಟಿನ್‌ನವರೇ. ಆಮೇಲೆ 2025ರ ಮೇನಲ್ಲಿ ಫೆಡರಲ್ ನ್ಯಾಯ ಇಲಾಖೆ, ಫೋರ್ಸ್ಡ್ ರೀಸೆಟ್ ಟ್ರಿಗರ್ ಮಾಡುವ ರೇರ್ ಬ್ರೀಡ್ ಕಂಪನಿಯ ಜೊತೆ ರಾಜಿ ಮಾಡಿಕೊಂಡು ತನ್ನ ತಕರಾರು ಕೈಬಿಟ್ಟಿತು. ಪಿಸ್ತೂಲಿಗೆ ಇಂಥ ಟ್ರಿಗರ್ ಮಾಡುವುದಿಲ್ಲ ಅಂತ ಕಂಪನಿಯೂ ಒಪ್ಪಿಕೊಂಡಿತು.

ಆದರೆ ಇದೆಲ್ಲ ಫೆಡರಲ್ ಕಾನೂನಿನ ಮಾತು. ರಾಜ್ಯಗಳಿಗೆ ತಮ್ಮದೇ ಕಾನೂನು, ತಮ್ಮದೇ ವ್ಯಾಖ್ಯಾನ ಇದೆ. ಜನ ಎಡವುವುದು ಇಲ್ಲೇ.

ಕ್ಯಾಲಿಫೋರ್ನಿಯಾದ ಕಾನೂನಿನಲ್ಲಿ ‘ಮಲ್ಟಿಬರ್ಸ್ಟ್ ಟ್ರಿಗರ್ ಆಕ್ಟಿವೇಟರ್’ ಅನ್ನೋ ವರ್ಗ ಇದೆ. ಸೆಮಿ ಆಟೋಮ್ಯಾಟಿಕ್ (ಒಂದು ಎಳೆತಕ್ಕೆ ಒಂದೇ ಗುಂಡು ಹಾರಿಸುವ) ಬಂದೂಕಿಗೆ ಸೇರಿಸಿದಾಗ ಗುಂಡು ಹಾರುವ ವೇಗ ಹೆಚ್ಚಿಸುವ, ಟ್ರಿಗರ್ ಚಲಾಯಿಸುವ ಸಾಧನಗಳೂ ಅದರಲ್ಲಿ ಬರುತ್ತವೆ. ಮಾರುವುದು, ತರುವುದು, ಕೊಡುವುದು ಮಾತ್ರ ಅಲ್ಲ, ಸುಮ್ನೆ ಇಟ್ಟುಕೊಂಡರೂ ಅಪರಾಧ. ಅದು ಮಷಿನ್ ಗನ್ ಹೌದೋ ಅಲ್ಲವೋ ಅನ್ನುವ ಚರ್ಚೆ ಅಲ್ಲಿ ನಿಮ್ಮ ನೆರವಿಗೆ ಬರುವುದಿಲ್ಲ.

ಇಂಥದ್ದೆಲ್ಲ ಬರೀ ಡೆಮಾಕ್ರಟಿಕ್ ಪಕ್ಷದ ಹಿಡಿತದ ರಾಜ್ಯಗಳಲ್ಲಿ ಅಂತ ತುಂಬ ಜನ ತಿಳಿದಿದ್ದಾರೆ. ರಿಪಬ್ಲಿಕನ್ನರ ಕೈಯಲ್ಲಿರುವ ಫ್ಲೋರಿಡಾ ನೋಡಿ. ಪಾರ್ಕ್‌ಲ್ಯಾಂಡ್ ಶಾಲೆಯ ಹತ್ಯಾಕಾಂಡದ ನಂತರ, 2018ರಲ್ಲಿ, ಒಬ್ಬ ಮನುಷ್ಯ ಬರೀ ಬೆರಳಿನಿಂದ ಹೊಡೆಯಬಲ್ಲ ವೇಗವನ್ನು ಮೀರಿಸುವ ಯಾವುದೇ ಸಾಧನವನ್ನು ಅಲ್ಲಿ ನಿಷೇಧಿಸಿದರು. ನ್ಯೂಯಾರ್ಕ್‌ನಲ್ಲಿ ಬಂಪ್ ಸ್ಟಾಕ್ ಜೊತೆಗೆ ಬೈನರಿ ಟ್ರಿಗರ್, ಅಂದರೆ ಎಳೆದಾಗ ಒಂದು, ಬಿಟ್ಟಾಗ ಇನ್ನೊಂದು ಗುಂಡು ಹಾರಿಸುವಂಥದ್ದು, ಅದಕ್ಕೂ ಅವಕಾಶ ಇಲ್ಲ. ಮಿನ್ನೆಸೋಟಾದಲ್ಲಿ ಬೈನರಿ ಟ್ರಿಗರ್ ನಿಷೇಧ 2025ರ ಜನವರಿಯಲ್ಲಿ ಜಾರಿಗೆ ಬಂತು, ಅದೇ ಆಗಸ್ಟ್‌ನಲ್ಲಿ ಒಂದು ಜಿಲ್ಲಾ ಕೋರ್ಟ್ ಅದನ್ನು ತಳ್ಳಿಹಾಕಿತು, ಸಂಬಂಧವಿಲ್ಲದ ದೊಡ್ಡ ಮಸೂದೆಯಲ್ಲಿ ತುರುಕಿದ್ದಾರೆ ಅನ್ನೋ ಕಾರಣಕ್ಕೆ. ಕಾನೂನು ಇಷ್ಟು ಬೇಗ ಬದಲಾಗುವಾಗ ಅಂಗಡಿಯವರ ಮಾತು, ಹಳೇ ವಿಡಿಯೋ ನಂಬಿಕೊಂಡು ಕೂರಬೇಡಿ. ಆ ರಾಜ್ಯದ ಕಾನೂನನ್ನೇ ತೆಗೆದು ಓದಿ. ಹುಡುಕುವಾಗ ನಿಮ್ಮ ವಸ್ತುವಿನ ಹೆಸರು ಇದೆಯಾ ಅಂತ ನೋಡಬೇಡಿ, ಅದು ಮಾಡುವ ಕೆಲಸದ ವರ್ಣನೆ ಇದೆಯಾ ನೋಡಿ. ಗುರಿ ಅಭ್ಯಾಸದವರು ಹಾಕಿಸುವ ಹಗುರ ಎಳೆತದ ಟ್ರಿಗರ್ ಬೇರೆ ವಿಷಯ. ಒಂದು ಎಳೆತಕ್ಕೆ ಒಂದೇ ಗುಂಡು ಅದರಲ್ಲಿ.

ಇನ್ನು ರೈಫಲ್. ಟ್ರಿಗರ್ ಬದಲಿಸಿದ ಮಾತ್ರಕ್ಕೆ ಅದು ಕ್ಯಾಲಿಫೋರ್ನಿಯಾಕ್ಕೆ ಹೊಂದುವುದಿಲ್ಲ. ಸಾಮಾನ್ಯ ರೂಪದ ಎಆರ್-15 ಅಲ್ಲಿ ‘ಅಸಾಲ್ಟ್ ವೆಪನ್’ ಅನ್ನೋ ನಿಷೇಧಿತ ವರ್ಗಕ್ಕೆ ಸೇರುತ್ತದೆ, ಒಳಗೆ ತಂದರೆ ಫೆಲನಿ, ಅಂದರೆ ಗಂಭೀರ ಅಪರಾಧ. 10ಕ್ಕಿಂತ ಜಾಸ್ತಿ ಗುಂಡು ಹಿಡಿಯುವ ಮ್ಯಾಗಜಿನ್ ಕೂಡ ತರುವಂತಿಲ್ಲ. ಕಾನೂನುಬದ್ಧ ಬಂದೂಕು ತಂದರೂ 60 ದಿನದೊಳಗೆ ರಾಜ್ಯದ ನ್ಯಾಯ ಇಲಾಖೆಗೆ ವರದಿ ಕೊಡಬೇಕು. ಪೆಟ್ಟಿಗೆಗೆ ಬೀಗ ಹಾಕಿ ಒಯ್ದರೆ ಫೆಡರಲ್ ರಕ್ಷಣೆ ಇದೆ ಅಂತ ಯಾರಾದರೂ ಹೇಳಿರಬಹುದು. ಆ ರಕ್ಷಣೆ ಹೊರಡುವ ಜಾಗ, ತಲುಪುವ ಜಾಗ ಎರಡರಲ್ಲೂ ಅದು ಕಾನೂನುಬದ್ಧವಾಗಿದ್ದಾಗ ಮಾತ್ರ.

ನನಗೆ ನಿಜವಾಗಿ ಆತಂಕ ಇರುವುದು ನಿಮ್ಮ ಗ್ರೀನ್ ಕಾರ್ಡ್ ಬಗ್ಗೆ. ಅಮೆರಿಕದ ಪ್ರಜೆಗೆ ಇದು ದಂಡ, ಜೈಲಿಗೆ ಮುಗಿಯಬಹುದು. ಪ್ರಜೆಯಲ್ಲದವರಿಗೆ ಬಂದೂಕಿನ ಅಪರಾಧದಲ್ಲಿ ಶಿಕ್ಷೆಯಾದರೆ ಅದು ಗಡೀಪಾರಿಗೇ ಕಾರಣವಾಗಬಹುದು. ಹತ್ತಾರು ವರ್ಷ ಕಾದು ಪಡೆದ ಕಾರ್ಡನ್ನು ಅಂಗೈಯಗಲದ ಒಂದು ಬಿಡಿಭಾಗಕ್ಕಾಗಿ ಕಳೆದುಕೊಳ್ಳುವುದಾ?

ಹಾಗಾಗಿ ಹೊರಡುವ ಮೊದಲೇ ಟೆಕ್ಸಾಸ್‌ನಲ್ಲಿ ಲೈಸೆನ್ಸ್ ಇರುವ ಡೀಲರ್ ಮೂಲಕ ಟ್ರಿಗರ್, ರೈಫಲ್ ಎರಡನ್ನೂ ಮಾರಿಬಿಡಿ, ರಸೀದಿ ಜೋಪಾನವಾಗಿಡಿ. ರೈಫಲ್ ಬಿಡಲು ಮನಸ್ಸಿಲ್ಲದಿದ್ದರೆ, ಕ್ಯಾಲಿಫೋರ್ನಿಯಾದ ಬಂದೂಕು ಕಾನೂನು ಗೊತ್ತಿರುವ ವಕೀಲರನ್ನೂ ಇಮಿಗ್ರೇಷನ್ ವಕೀಲರನ್ನೂ ಕೇಳಿ, ಉತ್ತರ ಬರಹದಲ್ಲಿ ತಗೊಳ್ಳಿ. ಮನೆಯಲ್ಲಿ ಎಚ್-1ಬಿ ಅಥವಾ ಎಚ್-4 ವೀಸಾದವರು ಯಾರಾದರೂ ಇದ್ದರೆ ಅದನ್ನೂ ವಕೀಲರಿಗೆ ಹೇಳಿ. ಬೇಟೆಯ ಲೈಸೆನ್ಸ್‌ನಂಥ ಕೆಲವು ವಿನಾಯಿತಿ ಬಿಟ್ಟರೆ, ಅಂಥ ವೀಸಾದವರು ಬಂದೂಕನ್ನಷ್ಟೇ ಅಲ್ಲ, ಒಂದು ಗುಂಡನ್ನೂ ತಮ್ಮ ವಶದಲ್ಲಿ ಇಟ್ಟುಕೊಳ್ಳುವಂತಿಲ್ಲ, ಅದು ಟೆಕ್ಸಾಸ್ ಆದರೂ ಅಷ್ಟೇ.