ಪೊಲೀಸರಿಲ್ಲದ ನಾಡಿನಲ್ಲಿ ಕೊಲೆಗೆ ಏನು ಶಿಕ್ಷೆ?

ಸರ್ಕಾರ ಇಲ್ಲದಿದ್ದರೆ ಜನ ಹೊಡೆದಾಡಿ ಸಾಯುತ್ತಾರೆ ಎಂದು ಸುಮ್ನೆ ಹೇಳಿಬಿಡುತ್ತೇವೆ. ಹಾಗೆ ಹೇಳುವವರು ಹಳೆಯ ಐಸ್‌ಲ್ಯಾಂಡನ್ನು ಒಮ್ಮೆ ನೋಡಬೇಕು. 930ರಿಂದ 1262ರವರೆಗೆ ಅಲ್ಲಿ ರಾಜನಿರಲಿಲ್ಲ, ಪೊಲೀಸರಿರಲಿಲ್ಲ, ಜೈಲೂ ಇರಲಿಲ್ಲ. ಕಾನೂನು ಮಾತ್ರ ಜಾಸ್ತಿಯೇ ಇತ್ತು. ಪ್ರತಿ ಬೇಸಿಗೆಯಲ್ಲಿ ಇಡೀ ದೇಶದ ಸಭೆಯಾದ ಆಲ್‌ಥಿಂಗ್ ಸೇರಿದಾಗ, ಕಾನೂನು ಹೇಳಲೆಂದೇ ಆಯ್ಕೆಯಾದವನೊಬ್ಬ ಬಂಡೆಯ ಮೇಲೆ ನಿಂತು ಕಾನೂನಿನ ಮೂರನೇ ಒಂದು ಭಾಗವನ್ನು ಬಾಯಿಪಾಠ ಒಪ್ಪಿಸುತ್ತಿದ್ದ. ಮೂರು ವರ್ಷಕ್ಕೆ ಒಂದು ಸುತ್ತು ಮುಗಿಯುತ್ತಿತ್ತು. ಅದನ್ನು ಬರೆದಿಡಲು ಶುರು ಮಾಡಿದ್ದೇ 1117ರ ಚಳಿಗಾಲದಲ್ಲಿ.

ಕೊಲೆಯಾದರೆ ದಾವೆ ಹೂಡಬೇಕಾದವರು ಸತ್ತವನ ಮನೆಯವರು. ತೀರ್ಪನ್ನು ಜಾರಿ ಮಾಡಬೇಕಾದವರೂ ಅವರೇ. ಬಹಳಷ್ಟು ಜಗಳ ಪರಿಹಾರದ ಹಣದಲ್ಲೇ ಮುಗಿಯುತ್ತಿತ್ತು. ಮುಗಿಯದಿದ್ದರೆ ಬಹಿಷ್ಕಾರ. ಸಣ್ಣದಾದರೆ ಮೂರು ವರ್ಷ ದೇಶ ಬಿಡಬೇಕು. ಹಡಗು ಸಿಗುವವರೆಗೆ ಅವನಿಗೆ ಗೊತ್ತುಮಾಡಿದ ಮನೆಗಳ ಸುತ್ತ ಒಂದು ಬಾಣ ಹಾರುವಷ್ಟು ದೂರದೊಳಗೆ ರಕ್ಷಣೆ ಇತ್ತು. ದಾರಿಯಲ್ಲಿ ಜನ ಎದುರಾದರೆ ಈಟಿಯ ಮೊನೆ ತಾಗದಷ್ಟು ಪಕ್ಕಕ್ಕೆ ಸರಿಯಬೇಕಿತ್ತು. ಕೆಂಪು ಎರಿಕ್ ಎಂಬವನು ಇಂಥ ಶಿಕ್ಷೆಯ ಕಾಲದಲ್ಲೇ ಗ್ರೀನ್‌ಲ್ಯಾಂಡ್ ಸುತ್ತಿದ್ದು, 982ರ ಸುಮಾರಿಗೆ. ದೊಡ್ಡ ಬಹಿಷ್ಕಾರವಾದರೆ ಆಸ್ತಿ ಹೋಯಿತು, ಯಾರು ಕೊಂದರೂ ಕೇಳುವವರಿಲ್ಲ.

ಇದರಲ್ಲಿ ನನಗೆ ತುಂಬಾ ಇಷ್ಟವಾಗುವ ವಿಷಯ ಬೇರೆ. ದೊಡ್ಡ ಬಹಿಷ್ಕಾರಕ್ಕೆ ಒಳಗಾದವನಿಗೆ ಊಟ ಹಾಕಿದವನಿಗೂ, ಜಾಗ ಕೊಟ್ಟವನಿಗೂ ಶಿಕ್ಷೆ ಇತ್ತು. ಹಾಗಾಗಿ ಬೆನ್ನಟ್ಟಲು ಪೊಲೀಸರು ಬೇಕಾಗಲಿಲ್ಲ, ನೆಂಟರೇ ಬಾಗಿಲು ಹಾಕಿಕೊಳ್ಳುತ್ತಿದ್ದರು. ಐಸ್‌ಲ್ಯಾಂಡಿನ ಚಳಿಗಾಲದಲ್ಲಿ ಒಲೆ ಇಲ್ಲದವನು ಎಷ್ಟು ದಿನ ಬದುಕುತ್ತಾನೆ?

ಬಡವನಿಗೆ ಬಲಾಢ್ಯನ ಮೇಲೆ ದಾವೆ ಗೆಲ್ಲುವುದು ಹೇಗೆ ಅಂತೀರಾ? ದಾವೆಯ ಹಕ್ಕನ್ನೇ ಬೇರೆಯವರಿಗೆ ಬಿಟ್ಟುಕೊಡಬಹುದಿತ್ತು, ವಸೂಲಾಗದ ಪ್ರೋನೋಟನ್ನು ಜೋರಿನವನ ಕೈಗೆ ದಾಟಿಸಿದ ಹಾಗೆ. ಗಟ್ಟಿ ಮುಖಂಡನೊಬ್ಬ ಅದನ್ನು ಕೈಗೆತ್ತಿಕೊಂಡು ಗೆದ್ದರೆ ಪರಿಹಾರ ಅವನಿಗೆ. ಬಡವನಿಗೆ ಹಣ ಸಿಗದೇ ಇರಬಹುದು, ಆದರೆ ಮುದುಕನನ್ನೋ ಒಂಟಿ ಹೆಂಗಸನ್ನೋ ಮುಟ್ಟಿದರೆ ಯಾರೂ ಬರುವುದಿಲ್ಲ ಎಂಬ ಧೈರ್ಯ ಹೊಡೆಯುವವನಿಗೂ ಇರಲಿಲ್ಲ.

ಮುಖಂಡತನವನ್ನು ಕೊಳ್ಳಬಹುದಿತ್ತು, ಮಾರಬಹುದಿತ್ತು. ಬೇಡವಾದ ಮುಖಂಡನನ್ನು ಬಿಟ್ಟು ಬೇರೆಯವನ ಕಡೆ ಹೋಗುವ ಹಕ್ಕು ರೈತನಿಗಿತ್ತು. 1200ರ ಹೊತ್ತಿಗೆ ಬಹಳಷ್ಟು ಮುಖಂಡತನಗಳು ಕೆಲವೇ ಮನೆತನಗಳ ಕೈಗೆ ಸೇರಿದ್ದವು. ಹೋಗಲು ಬೇರೆಯವನೇ ಇಲ್ಲದ ಕಡೆ ಆ ಹಕ್ಕಿನಿಂದ ಏನು ಪ್ರಯೋಜನ? ಆ ಮನೆತನಗಳ ಯುದ್ಧಗಳಿಂದ ಬೇಸತ್ತ ಐಸ್‌ಲ್ಯಾಂಡಿಗರು 1262ರಿಂದ 1264ರೊಳಗೆ ನಾರ್ವೆಯ ರಾಜನಿಗೆ ತೆರಿಗೆ ಕಟ್ಟಲು ಒಪ್ಪಿದರು.