ಆಡಿಯೊ ಪುಸ್ತಕದ ಸುದ್ದಿಯೂ ಬೀರುವಿನಲ್ಲಿರುವ ಕರಾರುಪತ್ರವೂ

ಆಡಿಯೊ ಪುಸ್ತಕಗಳ ಉದ್ಯಮದಿಂದ ಈಚಿನ ವರ್ಷಗಳಲ್ಲಿ ಬರುತ್ತಿರುವ ಸುದ್ದಿಗಳಲ್ಲಿ ಹೆಚ್ಚಿನವು ಯಂತ್ರದ ಧ್ವನಿಯನ್ನು ಕುರಿತವು. 2023ರ ಜನವರಿಯಲ್ಲಿ ಆ್ಯಪಲ್ ತನ್ನ ಪುಸ್ತಕ ಮಳಿಗೆಯಲ್ಲಿ ಕಂಪ್ಯೂಟರ್ ಓದಿದ ಇಂಗ್ಲಿಷ್ ಪುಸ್ತಕಗಳನ್ನು ಮುಂದಿಟ್ಟಿತು. 2025ರ ಮೇ ತಿಂಗಳಲ್ಲಿ ಅಮೆಜಾನ್ ಒಡೆತನದ ಆಡಿಬಲ್ ಸಂಸ್ಥೆ ಇಂಗ್ಲಿಷ್, ಸ್ಪ್ಯಾನಿಷ್, ಫ್ರೆಂಚ್ ಮತ್ತು ಇಟಾಲಿಯನ್ ಭಾಷೆಗಳ ನೂರಕ್ಕೂ ಹೆಚ್ಚು ಎಐ ಧ್ವನಿಗಳನ್ನು ಆಯ್ದ ಪ್ರಕಾಶಕರಿಗೆ ಒದಗಿಸುವುದಾಗಿ ಪ್ರಕಟಿಸಿತು. ಆ ಪಟ್ಟಿಯಲ್ಲಿ ಕನ್ನಡವಿರಲಿಲ್ಲ. ಆದರೂ ನನಗೆ ಕರೆ ಮಾಡಿದವರೆಲ್ಲ ಕನ್ನಡದ ಲೇಖಕರು, ಕನ್ನಡದ ಧ್ವನಿ ಕಲಾವಿದರು. "ಮೇಡಂ, ಇನ್ನು ನಮ್ಮನ್ನು ಯಾರು ಕೇಳುತ್ತಾರೆ?" ಎಂಬುದೇ ಎಲ್ಲರ ಪ್ರಶ್ನೆ.

ಕನ್ನಡ ಪುಸ್ತಕಗಳ ಧ್ವನಿ ಹಕ್ಕು ಪಡೆಯುವುದು, ಓದಿಸುವುದು, ಓದಿಸಿದ್ದನ್ನು ತಿದ್ದಿಸುವುದು ನನ್ನ ಕೆಲಸ. ಹಾಗೆ ಕರೆ ಮಾಡಿದವರಿಗೆ ನಾನು ಹೇಳುವುದು ಒಂದೇ: ಯಂತ್ರದ ವಿಷಯ ಆಮೇಲೆ ನೋಡೋಣ, ಮೊದಲು ನಿಮ್ಮ ಕರಾರುಪತ್ರ ತನ್ನಿ. ಹತ್ತರಲ್ಲಿ ಏಳೆಂಟು ಮಂದಿಗೆ ಅದು ಎಲ್ಲಿದೆ ಎಂಬುದೇ ಗೊತ್ತಿರುವುದಿಲ್ಲ.

ಆದರೂ ಯಂತ್ರದ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಕನ್ನಡ ಬರೆದಂತೆಯೇ ಓದುವ ಭಾಷೆಯಾದ್ದರಿಂದ ಅಕ್ಷರ ಓದುವುದು ಯಂತ್ರಕ್ಕೆ ಇಂಗ್ಲಿಷಿಗಿಂತ ಸುಲಭ. ಸುದ್ದಿ, ಪ್ರಕಟಣೆ, ಪಠ್ಯದ ಟಿಪ್ಪಣಿಗಳನ್ನು ಈಗಾಗಲೇ ತಕ್ಕಮಟ್ಟಿಗೆ ಓದುತ್ತದೆ. ಅದು ಎಡವುವುದು ಬೇರೆ ಕಡೆಗಳಲ್ಲಿ. "1956ರ ನವೆಂಬರ್ 1ರಂದು" ಎಂಬಲ್ಲಿ ಅಂಕಿಗೆ ಅಂಟಿಕೊಂಡ ವಿಭಕ್ತಿಯನ್ನು ಬೇರೆ ಪದದಂತೆ ಉಚ್ಚರಿಸುತ್ತದೆ. "ಸಾವಿರದ ಒಂಬೈನೂರ ಐವತ್ತಾರರ" ಎನ್ನಬೇಕೋ "ಹತ್ತೊಂಬತ್ತು ನೂರ ಐವತ್ತಾರರ" ಎನ್ನಬೇಕೋ ಎಂಬುದನ್ನು ಮನುಷ್ಯ ವಾಚಕರು ಪುಸ್ತಕದ ಧಾಟಿ ನೋಡಿ ತೀರ್ಮಾನಿಸುತ್ತಾರೆ, ಮತ್ತು ಕೊನೆಯ ಅಧ್ಯಾಯದವರೆಗೂ ಅದನ್ನೇ ಪಾಲಿಸುತ್ತಾರೆ. ಕಾದಂಬರಿಯ ನಿರೂಪಣೆ ಗ್ರಂಥಸ್ಥ ಕನ್ನಡದಲ್ಲಿದ್ದು ಸಂಭಾಷಣೆ ಧಾರವಾಡದ್ದೋ ಕುಂದಾಪುರದ್ದೋ ಆಗಿದ್ದರೆ ಯಂತ್ರ ಎರಡನ್ನೂ ಒಂದೇ ರಾಗದಲ್ಲಿ ಮುಗಿಸುತ್ತದೆ. ಜಗಳವೂ ಹವಾಮಾನ ವರದಿಯಂತೆ ಕೇಳಿಸುತ್ತದೆ.

ಇದಕ್ಕಿಂತ ದೊಡ್ಡ ತೊಡಕು ಧ್ವನಿಯಲ್ಲಿಲ್ಲ, ಕಡತದಲ್ಲಿದೆ. ಕಳೆದ ಮೂರು ದಶಕಗಳ ಬಹುಪಾಲು ಕನ್ನಡ ಪುಸ್ತಕಗಳು ನುಡಿ, ಬರಹ, ಶ್ರೀಲಿಪಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಅಕ್ಷರ ವಿನ್ಯಾಸಗಳಲ್ಲಿ ಕೂತಿವೆ. ಅವನ್ನು ಈಗ ಎಲ್ಲ ಕಂಪ್ಯೂಟರುಗಳೂ ಓದುವ ಯೂನಿಕೋಡ್ ಎಂಬ ಸಮಾನ ಅಕ್ಷರ ಸಂಕೇತಕ್ಕೆ ಪರಿವರ್ತಿಸಿದಾಗ ಒತ್ತಕ್ಷರ ಜಾಗ ಬದಲಿಸುತ್ತದೆ, ಅರ್ಕಾವೊತ್ತು ಪಕ್ಕದ ಅಕ್ಷರಕ್ಕೆ ಹೋಗಿ ಕೂರುತ್ತದೆ, ದೀರ್ಘ ಮಾಯವಾಗುತ್ತದೆ. ವಾಚಕರ ಕಣ್ಣು ಅದನ್ನು ತಾನಾಗಿ ತಿದ್ದಿಕೊಂಡು ಓದಿಬಿಡುತ್ತದೆ. ಎಷ್ಟೋ ಸಲ ತಪ್ಪು ಇತ್ತೆಂಬುದೇ ನಮಗೆ ತಿಳಿಯುವುದಿಲ್ಲ. ಯಂತ್ರ ಇದ್ದದ್ದನ್ನು ಇದ್ದ ಹಾಗೆ ಓದುತ್ತದೆ. ಹಾಗಾಗಿ "ಎಐ ಧ್ವನಿಯಲ್ಲಿ ಖರ್ಚೇ ಇಲ್ಲ" ಎಂದು ನಂಬಿ ಬರುವ ಪ್ರಕಾಶಕರಿಗೆ, ಕರಡು ತಿದ್ದಲು ತಗಲುವ ಖರ್ಚನ್ನು ಮೊದಲು ಲೆಕ್ಕ ಹಾಕಿ ಎನ್ನುತ್ತೇನೆ. ಸ್ಟುಡಿಯೊ ಬಾಡಿಗೆಯಲ್ಲಿ ಉಳಿದದ್ದು ಕರಡಿನಲ್ಲಿ ಹೋಗುತ್ತದೆ. ಇನ್ನು ಕೆಲವು ವರ್ಷಗಳಲ್ಲಿ ಈ ಲೆಕ್ಕ ಬದಲಾಗಬಹುದು, ಯಂತ್ರ ಕಲಿಯುತ್ತಿದೆ.

ಕಲಿಯುವುದು ಯಾರಿಂದ? ಇಲ್ಲಿಂದಲೇ ಕರಾರುಪತ್ರದ ಮಾತು ಶುರುವಾಗುತ್ತದೆ. 2023ರ ಫೆಬ್ರುವರಿಯಲ್ಲಿ ಅಮೆರಿಕದ ವಾಚಕರಿಗೆ ಒಂದು ಆಘಾತ ಕಾದಿತ್ತು. ಸಂಗೀತದ ಆ್ಯಪ್ ಸ್ಪಾಟಿಫೈ ಕೊಂಡುಕೊಂಡಿದ್ದ ಫೈಂಡ್‌ಅವೇ ಎಂಬ ವಿತರಣಾ ಸಂಸ್ಥೆಯ ಒಪ್ಪಂದದ ಒಳಗಿನ ಒಂದು ಷರತ್ತು, ಅವರು ಓದಿದ ಕಡತಗಳನ್ನು ಯಂತ್ರ ಕಲಿಕೆಗೆ ಬಳಸಿಕೊಳ್ಳಲು ಆ್ಯಪಲ್‌ಗೆ ಅವಕಾಶ ಕೊಟ್ಟಿತ್ತು. ಬಹಳಷ್ಟು ಮಂದಿ ಅದನ್ನು ಗಮನಿಸಿಯೇ ಇರಲಿಲ್ಲ. ಕಲಾವಿದರ ಒಕ್ಕೂಟ ಮಧ್ಯೆ ಪ್ರವೇಶಿಸಿದ ಮೇಲೆ ಆ ಬಳಕೆ ನಿಂತಿತು. ಅವರಿಗೆ ಒಕ್ಕೂಟವಿತ್ತು. ನಮ್ಮ ಕನ್ನಡದ ಧ್ವನಿ ಕಲಾವಿದರಿಗೆ ಇರುವುದು ವಾಟ್ಸ್ಆ್ಯಪ್ ಗುಂಪು.

ನನ್ನ ಕೈಗೆ ಬರುವ ಒಪ್ಪಂದಗಳಲ್ಲಿ "ಈಗ ಇರುವ ಹಾಗೂ ಮುಂದೆ ಬರಬಹುದಾದ ಎಲ್ಲ ತಂತ್ರಜ್ಞಾನಗಳಲ್ಲಿ, ಯಾವುದೇ ಉದ್ದೇಶಕ್ಕೆ, ಶಾಶ್ವತವಾಗಿ" ಎಂಬ ಸಾಲು ಮೇಲಿಂದ ಮೇಲೆ ಕಾಣಿಸುತ್ತದೆ. ಬರೆದವರಿಗೆ ದುರುದ್ದೇಶ ಇರಲೇಬೇಕೆಂದಿಲ್ಲ; ಹಲವು ಸಲ ಬೇರೆ ಕಡೆಯಿಂದ ನಕಲು ಮಾಡಿದ ಮಾದರಿಯದು. ಆದರೆ ಆ "ಯಾವುದೇ ಉದ್ದೇಶ"ದೊಳಗೆ ನಿಮ್ಮ ಧ್ವನಿಯ ಪ್ರತಿರೂಪ ತಯಾರಿಸುವುದೂ ಅಡಗಿಕೊಳ್ಳಬಹುದು. "ಈ ಪುಸ್ತಕದ ಆಡಿಯೊ ಆವೃತ್ತಿಗೆ ಮಾತ್ರ, ಧ್ವನಿಯನ್ನು ಯಂತ್ರ ತರಬೇತಿಗಾಗಲೀ ಕೃತಕ ಧ್ವನಿ ಸೃಷ್ಟಿಗಾಗಲೀ ಬಳಸತಕ್ಕದ್ದಲ್ಲ" ಎಂದು ಸೇರಿಸಲು ಕೇಳಿ. ಕೇಳಿದವರಿಗೆ ಸಾಮಾನ್ಯವಾಗಿ ಸಿಗುತ್ತದೆ. ಕೇಳುವವರು ಕಡಿಮೆ.

ಕಾನೂನು ನಿಮ್ಮ ಪರವಾಗಿಲ್ಲ ಎಂದುಕೊಳ್ಳಬೇಡಿ. 1957ರ ನಮ್ಮ ಕೃತಿಸ್ವಾಮ್ಯ ಕಾಯ್ದೆಯಲ್ಲಿ "ಪ್ರದರ್ಶಕರು" ಯಾರೆಂಬ ವಿವರಣೆ ಸ್ವಾರಸ್ಯವಾಗಿದೆ. ನಟರು, ಗಾಯಕರು, ವಾದ್ಯಗಾರರು, ನರ್ತಕರು, ದೊಂಬರಾಟದವರು, ಜಾದೂಗಾರರು, ಹಾವಾಡಿಗರು, ಉಪನ್ಯಾಸ ಕೊಡುವವರು ಎಂದು ಪಟ್ಟಿ ಸಾಗುತ್ತದೆ. ಪುಸ್ತಕ ಓದುವವರ ಹೆಸರಿಲ್ಲ, ಆದರೆ "ಪ್ರದರ್ಶನ ನೀಡುವ ಬೇರೆ ಯಾರೇ ಆದರೂ" ಎಂಬ ಕೊನೆಯ ಮಾತಿನಲ್ಲಿ ನಮ್ಮವರೂ ಸೇರುತ್ತಾರೆ. ಹಾವಾಡಿಗರ ಪಕ್ಕದಲ್ಲಿ ಜಾಗ ಸಿಕ್ಕಿದ್ದಕ್ಕೆ ಬೇಸರ ಬೇಡ. ಪ್ರದರ್ಶಕರ ಹಕ್ಕಿನ ಅವಧಿ 50 ವರ್ಷ. ಓದಿದವರೆಂದು ಹೆಸರು ಹಾಕಿಸಿಕೊಳ್ಳುವ ಹಕ್ಕು, ಓದನ್ನು ಗೌರವಕ್ಕೆ ಕುಂದು ಬರುವಂತೆ ತಿರುಚಿದರೆ ತಡೆಯುವ ಹಕ್ಕು ಅದರಲ್ಲಿ ಸೇರಿವೆ. 2024ರ ಜುಲೈನಲ್ಲಿ ಗಾಯಕ ಅರಿಜಿತ್ ಸಿಂಗ್ ಅವರ ದಾವೆಯಲ್ಲಿ ಬಾಂಬೆ ಹೈಕೋರ್ಟ್, ಅವರ ಅನುಮತಿಯಿಲ್ಲದೆ ಎಐ ಸಾಧನಗಳ ಮೂಲಕ ಅವರ ಧ್ವನಿಯನ್ನು ನಕಲು ಮಾಡದಂತೆ ಮಧ್ಯಂತರ ಆದೇಶ ನೀಡಿತು. ಅಷ್ಟು ಹೆಸರುವಾಸಿಯಲ್ಲದ, ಗಂಟೆಯ ಲೆಕ್ಕದಲ್ಲಿ ಓದುವ ಕಲಾವಿದರು ಹೈಕೋರ್ಟ್ ಮೆಟ್ಟಿಲು ಹತ್ತುವುದು ದೂರದ ಮಾತು. ಅವರಿಗೆ ಕೈಗೆಟುಕುವ ರಕ್ಷಣೆ ಕಾಗದದ ಮೇಲಿನ ಆ ಒಂದು ಸಾಲು.

ಈಗ ಲೇಖಕರ ಕಡೆಗೆ ಬರುತ್ತೇನೆ. ಉದ್ಯಮದಲ್ಲಿ ಯಂತ್ರದಷ್ಟು ಸದ್ದು ಮಾಡದೆ ನಡೆದ ಇನ್ನೊಂದು ಬದಲಾವಣೆ ಹಣ ಎಣಿಸುವ ಬಗೆಯದು. ಮೊದಲು ಕ್ಯಾಸೆಟ್, ಆಮೇಲೆ ಸಿ.ಡಿ., ಆಮೇಲೆ ಡೌನ್‌ಲೋಡ್. ಎಲ್ಲದರಲ್ಲೂ ಲೆಕ್ಕ ಪ್ರತಿಯದ್ದು. ಚಂದಾ ಆ್ಯಪ್‌ಗಳಲ್ಲಿ ಲೆಕ್ಕ ನಿಮಿಷದ್ದು. 2023ರ ಅಕ್ಟೋಬರ್‌ನಲ್ಲಿ ಬ್ರಿಟನ್ ಮತ್ತು ಆಸ್ಟ್ರೇಲಿಯಾದಲ್ಲಿ, ಮರುತಿಂಗಳು ಅಮೆರಿಕದಲ್ಲಿ ಸ್ಪಾಟಿಫೈ ತನ್ನ ಚಂದಾದಾರರಿಗೆ ತಿಂಗಳಿಗೆ 15 ಗಂಟೆ ಪುಸ್ತಕ ಕೇಳುವ ಅವಕಾಶ ಕೊಟ್ಟಿತು. ಪುಸ್ತಕವನ್ನು ಗಂಟೆಯಿಂದ ಅಳೆಯುವುದು ಈಗ ಕೇಳುಗರಿಗೂ ರೂಢಿಯಾಗುತ್ತಿದೆ. ಚಂದಾ ಹಣವನ್ನು ಒಟ್ಟುಗೂಡಿಸಿ, ಯಾವ ಪುಸ್ತಕವನ್ನು ಎಷ್ಟು ಹೊತ್ತು ಕೇಳಿದರೋ ಆ ಪ್ರಮಾಣದಲ್ಲಿ ಹಂಚುವುದು ಇಂಥ ಸೇವೆಗಳಲ್ಲಿ ಸಾಮಾನ್ಯ ಪದ್ಧತಿ.

ಇದರ ಪರಿಣಾಮ ಕನ್ನಡಕ್ಕೆ ಸಣ್ಣದಲ್ಲ. ಕನ್ನಡ ಗದ್ಯವನ್ನು ಹದವಾಗಿ ಓದಿದರೆ ಗಂಟೆಗೆ ಐದೂವರೆ ಸಾವಿರ ಪದಗಳ ಆಸುಪಾಸು ಎಂಬುದು ನನ್ನ ಅಂದಾಜು. ನಮ್ಮ ಪದಗಳು ವಿಭಕ್ತಿ, ಪ್ರತ್ಯಯಗಳನ್ನು ಮೈಮೇಲೆ ಹೊತ್ತುಕೊಂಡು ಉದ್ದವಾಗಿರುವುದರಿಂದ ಇಂಗ್ಲಿಷಿನವರು ಲೆಕ್ಕ ಹಿಡಿಯುವ ಒಂಬತ್ತು ಸಾವಿರಕ್ಕಿಂತ ಇದು ಬಹಳ ಕಡಿಮೆ. ಇನ್ನೂರು ಪುಟದ ಕಾದಂಬರಿ ಎಂಟು ಗಂಟೆಯ ಸಮೀಪ ಬರುತ್ತದೆ. ಎಂಬತ್ತು ಪುಟದ ಕವನ ಸಂಕಲನ ಒಂದು ಗಂಟೆ ದಾಟುವುದಿಲ್ಲ. ನಿಮಿಷದ ಲೆಕ್ಕದಲ್ಲಿ ಕವಿಗೆ ಸಿಗುವುದು ಕಾದಂಬರಿಕಾರರ ಎಂಟನೆಯ ಒಂದು ಪಾಲು, ಅದೂ ಪೂರ್ತಿ ಕೇಳಿದರೆ. ಸಣ್ಣಕತೆ, ಕವಿತೆ, ಪ್ರಬಂಧ ನಮ್ಮ ಸಾಹಿತ್ಯದ ಗಟ್ಟಿ ಪ್ರಕಾರಗಳು. ಈ ಪದ್ಧತಿ ಅವಕ್ಕೇ ಅನನುಕೂಲ. ಇನ್ನೊಂದು ಕಡೆ ನೂರಾರು ಕಂತುಗಳ ಧಾರಾವಾಹಿ ಬರೆಸುವ ಆ್ಯಪ್‌ಗಳಲ್ಲಿ ಕತೆ ಮುಗಿಯದಿರುವುದೇ ಗುಣ. ಅವಕ್ಕೆ ಬರೆಯುವ ತರುಣರನ್ನು ನಾನು ಹಗುರವಾಗಿ ನೋಡುವುದಿಲ್ಲ, ದಿನವೂ ಕೇಳುಗರನ್ನು ಮರಳಿ ಕರೆತರುವುದು ಕಷ್ಟದ ಕಸುಬು. ಆದರೆ ಎಂಟು ಪುಟದಲ್ಲಿ ಮುಗಿಯಬೇಕಾದ ಕತೆಯನ್ನು ನಿಮಿಷಕ್ಕಾಗಿ ಎಳೆಯುವುದನ್ನು ಕೇಳಿದಾಗ ಕೈ ತಾನಾಗಿ ಕತ್ತರಿಯತ್ತ ಹೋಗುತ್ತದೆ. ಸಣ್ಣ ಪ್ರಕಾರಗಳಲ್ಲಿ ಬರೆಯುವವರು ನಿಮಿಷದ ಪಾಲಿಗಿಂತ ಒಮ್ಮೆಗೇ ಕೊಡುವ ಮುಂಗಡವನ್ನೋ ವರ್ಷಕ್ಕಿಷ್ಟೆಂಬ ಕನಿಷ್ಠ ಮೊತ್ತವನ್ನೋ ಕೇಳುವುದು ಜಾಣತನ.

ಲೆಕ್ಕಪಟ್ಟಿಯನ್ನೂ ಕೇಳಬೇಕು. 2020ರಲ್ಲಿ ಇಂಗ್ಲಿಷ್ ಲೇಖಕರು ತಮ್ಮ ರಾಯಧನ ಯಾಕೆ ಕುಗ್ಗುತ್ತಿದೆ ಎಂದು ಹುಡುಕಿದಾಗ, ಆಡಿಬಲ್‌ನಲ್ಲಿ ಕೇಳಿ ಮುಗಿಸಿದ ಪುಸ್ತಕವನ್ನೂ ಗ್ರಾಹಕರು ಹಿಂತಿರುಗಿಸಬಹುದಾಗಿತ್ತು, ಆ ಹಣ ಲೇಖಕರ ಪಾಲಿನಿಂದ ಕಡಿತವಾಗುತ್ತಿತ್ತು ಎಂಬುದು ಬಯಲಾಯಿತು. ಪಟ್ಟಿಯಲ್ಲಿ ಹಿಂತಿರುಗಿಸಿದ ಪ್ರತಿಗಳನ್ನು ಬೇರೆಯಾಗಿ ತೋರಿಸುತ್ತಿರಲಿಲ್ಲ. ಗಲಾಟೆಯಾದ ಮೇಲೆ, 2021ರ ಜನವರಿಯಿಂದ, ಕೊಂಡು 7 ದಿನ ಕಳೆದ ನಂತರ ಹಿಂತಿರುಗಿಸಿದ ಪುಸ್ತಕಗಳಿಗೂ ರಾಯಧನ ಕೊಡುವುದಾಗಿ ನಿಯಮ ಬದಲಾಯಿತು. ಸಂಖ್ಯೆ ಕೇಳಿದ್ದರಿಂದ ಆದ ಬದಲಾವಣೆ ಅದು.

ಇನ್ನು ಬೀರುವಿನಲ್ಲಿರುವ ಹಳೆಯ ಕರಾರು. ಮುದ್ರಣದ ಹಕ್ಕು ಕೊಟ್ಟಿದ್ದೇವೆಂದರೆ ಧ್ವನಿ ಹಕ್ಕೂ ಹೋಯಿತು ಎಂದು ಹಲವು ಲೇಖಕರು ತಿಳಿದಿದ್ದಾರೆ. ಹಲವು ಪ್ರಕಾಶಕರೂ ಹಾಗೆಯೇ ತಿಳಿದು ಆ್ಯಪ್‌ಗಳೊಂದಿಗೆ ಸಹಿ ಮಾಡುತ್ತಾರೆ. ಕಾಯ್ದೆಯ 19ನೇ ಪ್ರಕರಣ ಹೇಳುವುದು ಬೇರೆ. ಹಕ್ಕಿನ ವರ್ಗಾವಣೆ ಲಿಖಿತವಾಗಿರಬೇಕು, ಸಹಿ ಇರಬೇಕು, ಯಾವ ಹಕ್ಕು, ಎಷ್ಟು ಕಾಲ, ಯಾವ ಪ್ರದೇಶಕ್ಕೆ, ಎಷ್ಟು ಹಣ ಎಂಬುದು ಅದರಲ್ಲಿರಬೇಕು. ಕಾಲ ಬರೆಯದಿದ್ದರೆ 5 ವರ್ಷ ಎಂದೇ ಅರ್ಥ. ಪ್ರದೇಶ ಬರೆಯದಿದ್ದರೆ ಭಾರತ ಮಾತ್ರ. ಆ್ಯಪ್ ಮೂಲಕ ದುಬೈ, ಡಲ್ಲಾಸ್‌ಗಳ ಕನ್ನಡಿಗರಿಗೆ ತಲುಪಿಸಬೇಕೆಂದಿರುವವರು ಗಮನಿಸಬೇಕಾದ ಅಂಶವಿದು. ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಬಳಸದಿದ್ದರೆ, ಒಪ್ಪಂದದಲ್ಲಿ ಬೇರೆ ಮಾತಿಲ್ಲದಿದ್ದಲ್ಲಿ, ಅದು ರದ್ದಾಗುತ್ತದೆ. 2012ರ ತಿದ್ದುಪಡಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಒಪ್ಪಂದದ ಹೊತ್ತಿಗೆ ಅಸ್ತಿತ್ವದಲ್ಲಿಲ್ಲದ ಅಥವಾ ವಾಣಿಜ್ಯ ಬಳಕೆಯಲ್ಲಿಲ್ಲದ ಮಾಧ್ಯಮಕ್ಕೆ, ಅದನ್ನು ನಿರ್ದಿಷ್ಟವಾಗಿ ಹೆಸರಿಸದ ಹೊರತು, ವರ್ಗಾವಣೆ ಅನ್ವಯಿಸದು ಎಂದಿತು. 1980ರ ದಶಕದ ಒಪ್ಪಂದಗಳ ಮೇಲೆ ಅದರ ಪರಿಣಾಮವೇನು, ಆಗ ಕ್ಯಾಸೆಟ್ ಇತ್ತಲ್ಲ ಎಂಬ ವಾದಕ್ಕೆ ಉತ್ತರವೇನು ಎಂಬುದನ್ನು ವಕೀಲರ ಬಳಿಯೇ ಕೇಳಿ. ನಾನು ನೋಡಿದ ಹಳೆಯ ಕರಾರುಗಳಲ್ಲಿ ಹೆಚ್ಚಿನವು "ಪ್ರಥಮ ಮುದ್ರಣ, ಸಾವಿರ ಪ್ರತಿ" ಎಂದು ಬರೆದ ಒಂದೇ ಹಾಳೆ. ಅವುಗಳಲ್ಲಿ ಧ್ವನಿಯ ಪ್ರಸ್ತಾಪವೇ ಇಲ್ಲ; ಆ ಹಕ್ಕು ಲೇಖಕರ ಬಳಿಯೇ ಉಳಿದಿದೆ ಎಂದು ನಾವು ನೇರವಾಗಿ ಅವರನ್ನೇ ಸಂಪರ್ಕಿಸುತ್ತೇವೆ.

ಯಾರ ಅನುಮತಿಯೂ ಬೇಡದ ಪುಸ್ತಕಗಳೂ ಇವೆ. ಲೇಖಕರು ತೀರಿಕೊಂಡ ಮೇಲೆ 60 ವರ್ಷ ಕಳೆದರೆ ಕೃತಿ ಎಲ್ಲರದು. 1946ರಲ್ಲಿ ತೀರಿಕೊಂಡ ಟಿ.ಪಿ. ಕೈಲಾಸಂ, ಬಿ.ಎಂ. ಶ್ರೀಕಂಠಯ್ಯ ಅವರ ಕೃತಿಗಳು ಎಂದೋ ಮುಕ್ತವಾಗಿವೆ. 1963ರಲ್ಲಿ ತೀರಿಕೊಂಡ ಗೋವಿಂದ ಪೈ ಅವರವು 2024ರ ಜನವರಿ 1ರಂದು ಮುಕ್ತವಾದವು. ಕುವೆಂಪು ಅವರ ಕೃತಿಗಳಿಗೆ 2054 ಮುಗಿಯಬೇಕು. ಗಮನಿಸಬೇಕಾದದ್ದು ಇಷ್ಟೆ: ಈಚಿನ ಆವೃತ್ತಿಗಳ ಮುನ್ನುಡಿ, ಟಿಪ್ಪಣಿಗಳಿಗೆ ಬೇರೆ ಹಕ್ಕುದಾರರಿರುತ್ತಾರೆ, ಅವನ್ನು ಓದಬಾರದು. ಕೈಲಾಸಂ ನಾಟಕಗಳನ್ನು ಓದಿಸುವುದು ಬೇರೆಯದೇ ಸಾಹಸ. ಆ ಇಂಗ್ಲಿಷ್ ಬೆರೆತ ಮಾತನ್ನು ನಾಲಿಗೆ ತೊಡರದೆ ಹೇಳಬಲ್ಲವರು ರಂಗಭೂಮಿಯಲ್ಲೇ ಸಿಗಬೇಕು.

ದೃಷ್ಟಿದೋಷವುಳ್ಳವರಿಗಾಗಿ ಲಾಭವಿಲ್ಲದೆ ಓದಿ ಕೊಡುವುದಕ್ಕೆ ಕಾಯ್ದೆಯ 52ನೇ ಪ್ರಕರಣದಲ್ಲೇ ವಿನಾಯಿತಿ ಇದೆ. ಅಂಥವರಿಗೆ ಪುಸ್ತಕ ಸುಲಭವಾಗಿ ಸಿಗುವಂತೆ ಮಾಡುವ ಅಂತರರಾಷ್ಟ್ರೀಯ ಮರ್ರಾಕೇಶ್ ಒಪ್ಪಂದವನ್ನು ಎಲ್ಲರಿಗಿಂತ ಮೊದಲು, 2014ರಲ್ಲಿ, ಅನುಮೋದಿಸಿದ ದೇಶ ನಮ್ಮದು. ಬೆಂಗಳೂರಿನ ಮಿತ್ರಜ್ಯೋತಿಯಂಥ ಸಂಸ್ಥೆಗಳು ಆ್ಯಪ್‌ಗಳು ಹುಟ್ಟುವ ಮೊದಲೇ ಈ ಕೆಲಸದಲ್ಲಿದ್ದವು. "ನಾವೂ ಅಂಧರಿಗೆಂದೇ ಓದಿದ್ದು" ಎನ್ನುತ್ತಾ ಜಾಹೀರಾತು ಸಹಿತ ಯೂಟ್ಯೂಬ್‌ಗೆ ಏರಿಸುವವರಿಗೆ ಈ ವಿನಾಯಿತಿ ಸಲ್ಲುವುದಿಲ್ಲ.

ನಿಜವಾಗಿ ನಮ್ಮ ಕೆಲಸ ನಿಲ್ಲುವುದು, ಲೇಖಕರೇ ಸಹಿ ಮಾಡಬಲ್ಲ ಪುಸ್ತಕಗಳಿಗೂ ಯಾರ ಅನುಮತಿಯೂ ಬೇಡದ ಪುಸ್ತಕಗಳಿಗೂ ನಡುವಿನವುಗಳಲ್ಲಿ: ಲೇಖಕರಿಲ್ಲ, ಹಕ್ಕು ಇನ್ನೂ ಮುಗಿದಿಲ್ಲ. ಉಯಿಲಿನಲ್ಲಿ ಮನೆ, ಜಮೀನು, ಒಡವೆಯ ವಿವರ ಇರುತ್ತದೆ, ಪುಸ್ತಕಗಳ ಹೆಸರಿರುವುದಿಲ್ಲ. ಆಗ ಹಕ್ಕು ವಾರಸುದಾರರೆಲ್ಲರದು. ಹಿರಿಯ ಮಗ ಒಪ್ಪುತ್ತಾರೆ, ಮೈಸೂರಿನಲ್ಲಿರುವ ಮಗಳು "ಅಣ್ಣ ನನಗೆ ಹೇಳಲೇ ಇಲ್ಲ" ಎನ್ನುತ್ತಾರೆ, ಮೊಮ್ಮಗ ಅಮೆರಿಕದಿಂದ ಮಿಂಚಂಚೆ ಬರೆದು ಎಷ್ಟು ಕೊಡುತ್ತೀರಿ ಎಂದು ಕೇಳುತ್ತಾನೆ. ಎಲ್ಲರದೂ ನ್ಯಾಯವಾದ ಮಾತೇ. ಬರುವ ಹಣ ಹಂಚಿದರೆ ಒಬ್ಬೊಬ್ಬರಿಗೆ ವರ್ಷಕ್ಕೆ ಕಾಫಿಪುಡಿಯ ಖರ್ಚೂ ಹುಟ್ಟದಿರಬಹುದು, ಆದರೂ ಎಲ್ಲರ ಸಹಿಯಿಲ್ಲದೆ ಮುಂದುವರಿಯುವಂತಿಲ್ಲ. ಆದ್ದರಿಂದ ಬರೆಯುತ್ತಿರುವವರಿಗೆ ನನ್ನ ಕೋರಿಕೆ: ಮುದ್ರಣ, ಇ-ಪುಸ್ತಕ, ಧ್ವನಿ, ಅನುವಾದ, ಯಂತ್ರ ತರಬೇತಿ, ಈ ಐದರಲ್ಲಿ ಯಾವುದು ಯಾರಿಗೆ, ಎಲ್ಲಿಯವರೆಗೆ ಕೊಟ್ಟಿದ್ದೀರಿ ಎಂಬುದನ್ನು ಒಂದು ಹಾಳೆಯಲ್ಲಿ ಬರೆದು, ನಿಮ್ಮ ನಂತರ ಮಾತನಾಡಬೇಕಾದವರು ಯಾರೆಂದು ಉಯಿಲಿನಲ್ಲಿ ಹೆಸರಿಸಿ. ವಾರಸುದಾರರಾಗಿದ್ದರೆ ನಿಮ್ಮಲ್ಲೇ ಒಬ್ಬರ ಹೆಸರಿಗೆ ಅಧಿಕಾರಪತ್ರ ಮಾಡಿಕೊಡಿ. ಅದು ಕೈಗೆ ಬಂದ ಮೇಲೆಯೇ ನಾವು ಸ್ಟುಡಿಯೊ ಕಾದಿರಿಸುವುದು.