ಪಿಜಿಯಲ್ಲಿ ಪ್ಲಗ್ ಎಲ್ಲಿದೆ?

ಪ್ರಶ್ನೆ: ನಾವು ಹಾಸನದವರು. ಮಗಳು ಮಂಗಳೂರಿನಲ್ಲಿ ಇಂಜಿನಿಯರಿಂಗ್ ಎರಡನೇ ವರ್ಷ. ಪಿಜಿಯಲ್ಲಿದ್ದಾಳೆ, ಡಿಎಲ್ ಆಗಿದೆ. ಒಂದು ಸಣ್ಣ ಕಾರು ಕೊಡಿಸೋಣ ಅಂತಿದ್ದೇವೆ. ಕೇಳಿದವರೆಲ್ಲ ಎಲೆಕ್ಟ್ರಿಕ್ ತಗೊಳ್ಳಿ, ಓಡಿಸೋಕೆ ಖರ್ಚೇ ಇಲ್ಲ ಅಂತಾರೆ. ಮೊದಲ ಕಾರಾಗಿ ಅದು ಸರಿಹೋಗುತ್ತಾ?

ಉತ್ತರ: ಕಾರಿನ ಮಾತು ಆಮೇಲೆ. ಮೊದಲು ಮಗಳಿಗೆ ಫೋನ್ ಮಾಡಿ ಒಂದೇ ಒಂದು ವಿಷಯ ಕೇಳಿ. ಪಿಜಿಯಲ್ಲಿ ಕಾರು ನಿಲ್ಲಿಸೋ ಜಾಗದ ಪಕ್ಕ 15 ಆಂಪ್ ಪ್ಲಗ್ ಇದೆಯಾ? ಗೀಸರ್‌ಗೆ, ಎಸಿಗೆ ಹಾಕುತ್ತೀರಲ್ಲ, ಆ ದಪ್ಪ ಪಿನ್ನಿನ ಪ್ಲಗ್. ಅದಕ್ಕೆ ಸರಿಯಾದ ಅರ್ಥಿಂಗ್ ಇದೆಯಾ? ರಾತ್ರಿಯಿಡೀ ಅದನ್ನು ಬಳಸೋಕೆ ಪಿಜಿ ಓನರ್ ಒಪ್ಪುತ್ತಾರಾ?

ಈ ಮೂರಕ್ಕೂ ಹೌದು ಎಂದರೆ ಮುಂದಕ್ಕೆ ಯೋಚಿಸಿ. ಒಂದಕ್ಕೆ ಇಲ್ಲ ಎಂದರೂ ನನ್ನ ಉತ್ತರ ಇಲ್ಲಿಗೇ ಮುಗಿಯಿತು: ಬೇಡ.

ಯಾಕೆ ಇಷ್ಟು ಖಡಾಖಂಡಿತವಾಗಿ ಹೇಳುತ್ತೇನೆ ಅಂದರೆ, ಈ ಬೆಲೆಯ ಎಲೆಕ್ಟ್ರಿಕ್ ಕಾರುಗಳು ಮನೆಯ ಪ್ಲಗ್‌ನಿಂದ ಸುಮಾರು 3 ಕಿಲೋವ್ಯಾಟ್ ಎಳೆಯುತ್ತವೆ. ಫುಲ್ ಆಗಲು 7 ಗಂಟೆ ಹತ್ತಿರ ಬೇಕು. ರಾತ್ರಿ ಗೀಸರ್ ಹಾಕಿ, ಬೆಳಗಿನವರೆಗೆ ಆಫ್ ಮಾಡದೇ ಬಿಟ್ಟ ಹಾಗೆ. ಮಾಮೂಲಿ ಎಕ್ಸ್‌ಟೆನ್ಷನ್ ಬೋರ್ಡನ್ನು ಮೊದಲನೇ ಮಹಡಿಯ ಕಿಟಕಿಯಿಂದ ಇಳಿಬಿಟ್ಟರೆ ಅದು ಕರಗಬಹುದು. ಅದೂ ಮಂಗಳೂರಿನ ಮಳೆಯಲ್ಲಿ. ಅರ್ಥಿಂಗ್ ಸರಿ ಇಲ್ಲದಿದ್ದರೆ ಕಾರು ಚಾರ್ಜ್ ತೆಗೆದುಕೊಳ್ಳೋದೇ ಇಲ್ಲ, ಎರರ್ ತೋರಿಸಿ ಸುಮ್ನೆ ಕೂರುತ್ತದೆ. ಹಳೇ ಕಟ್ಟಡಗಳಲ್ಲಿ ಇದು ಮಾಮೂಲಿ.

ಓನರ್ ಒಪ್ಪಿದರೂ ಸಬ್ ಮೀಟರ್ ಹಾಕಿಸಿ, ಯೂನಿಟ್‌ಗೆ ಇಷ್ಟು ಎಂದು ಮಾತಾಡಿಕೊಳ್ಳಿ. ಇಲ್ಲದಿದ್ದರೆ ಮುಂದಿನ ಬಿಲ್ ಬಂದ ದಿನ ಮಗಳ ಮೇಲೆ ರೇಗಾಟ ಖಂಡಿತ. ಇನ್ನೊಂದು ವಿಷಯ: ಮಕ್ಕಳು ವರ್ಷಕ್ಕೊಂದು ಪಿಜಿ ಬದಲಾಯಿಸುತ್ತಾರೆ. ಊಟ ಚೆನ್ನಾಗಿಲ್ಲ, ರೂಮ್‌ಮೇಟ್ ಸರಿಯಿಲ್ಲ, ಏನೋ ಒಂದು. ಪ್ರತಿ ಸಲವೂ ಊಟದ ಜೊತೆಗೆ ಪ್ಲಗ್ಗನ್ನೂ ಹುಡುಕಬೇಕಾಗುತ್ತದೆ.

ಹೊರಗಿನ ಚಾರ್ಜಿಂಗ್ ಸ್ಟೇಷನ್ ಇದೆಯಲ್ಲ ಅನ್ನಬಹುದು. ಇದೆ. ಆದರೆ ಮನೆಯಲ್ಲಿ ಯೂನಿಟ್‌ಗೆ 6 ರೂಪಾಯಿಯ ಆಸುಪಾಸು ಬೀಳುವ ಕರೆಂಟು ಅಲ್ಲಿ 20ರ ಹತ್ತಿರ ಹೋಗುತ್ತದೆ. ಎಂಜಿ ಕಾಮೆಟ್ ಅನ್ನೋ ಪುಟ್ಟ ಎಲೆಕ್ಟ್ರಿಕ್ ಕಾರಿಗಂತೂ ಡಿಸಿ ಫಾಸ್ಟ್ ಚಾರ್ಜಿಂಗ್, ಅಂದರೆ ಸ್ಟೇಷನ್ನಿನಲ್ಲಿ ಬೇಗ ಚಾರ್ಜ್ ಮಾಡಿಕೊಳ್ಳೋ ಸೌಲಭ್ಯವೇ ಇಲ್ಲ. ಟಾಟಾ ಟಿಯಾಗೊ ಇವಿಗೆ ಇದೆ, ಶೇ 10ರಿಂದ 80ಕ್ಕೆ ಏರಲು ಒಂದು ಗಂಟೆ ಹತ್ತಿರ ಹಿಡಿಯುತ್ತದೆ. ನಾಳೆ ಇಂಟರ್ನಲ್ಸ್ ಇಟ್ಟುಕೊಂಡು ಇಂದು ಸಂಜೆ ಚಾರ್ಜಿಂಗ್ ಸ್ಟೇಷನ್ನಿನಲ್ಲಿ ಒಂದು ಗಂಟೆ ಕಾಯುವ ತಾಳ್ಮೆ ಎಷ್ಟು ಮಕ್ಕಳಿಗಿದೆ?

ಸರಿ, ಪ್ಲಗ್ ಸಿಕ್ಕಿತು ಎಂದುಕೊಳ್ಳೋಣ. ಈಗ ದುಡ್ಡಿನ ಲೆಕ್ಕ.

"ಖರ್ಚೇ ಇಲ್ಲ" ಅನ್ನೋದು ಅರ್ಧ ನಿಜ. ಓಡಿಸೋ ಖರ್ಚು ಕಡಿಮೆ, ಕೊಳ್ಳೋ ಖರ್ಚು ಜಾಸ್ತಿ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರುಗಳ ಜಿಎಸ್‌ಟಿ ಶೇ 18ಕ್ಕೆ ಇಳಿಯಿತು. ಅದಕ್ಕೆ ಮೊದಲು ಶೇ 28, ಮೇಲೆ ಸೆಸ್ ಬೇರೆ. ಎಲೆಕ್ಟ್ರಿಕ್ ಕಾರಿಗೆ ಆಗಲೂ ಶೇ 5, ಈಗಲೂ ಶೇ 5. ಹಾಗಾಗಿ ಎರಡರ ನಡುವಿನ ಬೆಲೆಯ ಅಂತರ ಇನ್ನಷ್ಟು ಹಿಗ್ಗಿದೆ. ಲೆಕ್ಕಕ್ಕೆ 3 ಲಕ್ಷ ಅಂತರ ಇಟ್ಟುಕೊಳ್ಳಿ.

ಪಿಜಿಯಲ್ಲಿರುವ ಹುಡುಗಿ ತಿಂಗಳಿಗೆ ಎಷ್ಟು ಓಡಿಸುತ್ತಾಳೆ? ಕಾಲೇಜು, ಪಣಂಬೂರು ಬೀಚು, ಸಿನಿಮಾ, ಐಸ್‌ಕ್ರೀಮು ಎಲ್ಲ ಸೇರಿ 500 ಕಿಲೋಮೀಟರ್ ದಾಟೋದು ಕಷ್ಟ. ಸಿಟಿಯಲ್ಲಿ ಲೀಟರಿಗೆ 15 ಕಿಲೋಮೀಟರ್ ಕೊಡುವ ಕಾರು, ಪೆಟ್ರೋಲ್ 103 ರೂಪಾಯಿ ಅಂದರೆ ಸುಮಾರು 3,430 ರೂಪಾಯಿ. ಎಲೆಕ್ಟ್ರಿಕ್ ಕಾರಿನಲ್ಲಿ, ಚಾರ್ಜ್ ಆಗುವಾಗ ಸೋರಿಹೋಗೋದನ್ನೂ ಸೇರಿಸಿ, ಯೂನಿಟ್‌ಗೆ ಆರೂವರೆ ಕಿಲೋಮೀಟರ್ ಹಿಡಿದರೆ 77 ಯೂನಿಟ್, 460 ರೂಪಾಯಿ. ಉಳಿತಾಯ ತಿಂಗಳಿಗೆ 3,000.

ಚೆನ್ನಾಗಿದೆ, ಅಲ್ವಾ? ಆದರೆ ಆ ಹೆಚ್ಚಿನ 3 ಲಕ್ಷವನ್ನು ಶೇ 9ರ ಬಡ್ಡಿಗೆ 4 ವರ್ಷದ ಸಾಲವಾಗಿ ತಂದರೆ ಇಎಂಐ 7,500 ರೂಪಾಯಿ ಹತ್ತಿರ. ತಿಂಗಳಿಗೆ 3,000 ಉಳಿಸೋಕೆ 7,500 ಕಟ್ಟಿದ ಹಾಗಾಯಿತು. ಸಾಲ ಬೇಡ, ಕೈಯಲ್ಲೇ ದುಡ್ಡಿದೆ ಎಂದರೂ 3 ಲಕ್ಷ ವಾಪಸ್ ಬರೋಕೆ 100 ತಿಂಗಳು ಬೇಕು. ಎಂಟು ವರ್ಷ ದಾಟಿತು. ಟಿಯಾಗೊ ಇವಿಯ ಬ್ಯಾಟರಿ ವಾರಂಟಿ 8 ವರ್ಷ ಅಥವಾ 1,60,000 ಕಿಲೋಮೀಟರ್. ದುಡ್ಡು ವಾಪಸ್ ಬರುವ ಹೊತ್ತಿಗೆ ಓಡಿದ್ದು 50,000 ಕಿಲೋಮೀಟರ್, ವಾರಂಟಿಯ ವರ್ಷಗಳು ಮಾತ್ರ ಖಾಲಿ. ಎಲೆಕ್ಟ್ರಿಕ್ ಕಾರು ದುಡ್ಡು ಉಳಿಸೋದು ಓಡುವಾಗ. ವಿದ್ಯಾರ್ಥಿಯ ಕಾರು ಹೆಚ್ಚು ಹೊತ್ತು ನಿಂತೇ ಇರುತ್ತದೆ.

ಇಲ್ಲೇ ಒಂದು ಎಚ್ಚರಿಕೆ. ಇವಿ ಸಾಲದ ಬಡ್ಡಿಗೆ ಆದಾಯ ತೆರಿಗೆ ಕಾಯ್ದೆಯ 80ಇಇಬಿ ಸೆಕ್ಷನ್‌ನಲ್ಲಿ ಒಂದೂವರೆ ಲಕ್ಷದವರೆಗೆ ತೆರಿಗೆ ವಿನಾಯಿತಿ ಇದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. 2023ರ ಮಾರ್ಚ್ 31ರೊಳಗೆ ಮಂಜೂರಾದ ಸಾಲಗಳಿಗೆ ಮಾತ್ರ ಅದು. ಬ್ಯಾಟರಿಯನ್ನು ಬಾಡಿಗೆಗೆ ಕೊಡುವ ಯೋಜನೆಯಲ್ಲಿ ಕಾರಿನ ಬೆಲೆ ಆಕರ್ಷಕವಾಗಿ ಕಾಣುತ್ತದೆ. ಆದರೆ ತಿಂಗಳಿಗೆ ಇಷ್ಟು ಕಿಲೋಮೀಟರ್‌ನ ಬಾಡಿಗೆ ಕಟ್ಟಲೇಬೇಕು ಎಂಬ ಷರತ್ತು ಇದೆಯಾ ನೋಡಿ. ಇದ್ದರೆ ಪರೀಕ್ಷೆಯ ತಿಂಗಳು, ರಜೆಯ ತಿಂಗಳು ನಿಂತ ಕಾರಿಗೂ ಬಾಡಿಗೆ.

ಇನ್ನು ಹಾಸನಕ್ಕೆ ಬಂದು ಹೋಗೋದು. 170 ಕಿಲೋಮೀಟರ್, ನಡುವೆ ಶಿರಾಡಿ ಘಾಟ್. 19.2 ಯೂನಿಟ್ ಬ್ಯಾಟರಿಯ ಟಿಯಾಗೊಗೆ ಕಂಪನಿ ಮೊದಲು ಹೇಳಿದ್ದು 250 ಕಿಲೋಮೀಟರ್. ರಸ್ತೆಯಲ್ಲಿ 150 ಸಿಕ್ಕಿದರೆ ಖುಷಿಪಡಿ, ಅದೂ ಸಮತಟ್ಟಿನಲ್ಲಿ. ಮಂಗಳೂರು ಸಮುದ್ರದ ಮಟ್ಟ, ಸಕಲೇಶಪುರ ಸುಮಾರು 950 ಮೀಟರ್ ಎತ್ತರ. ಜನ, ಲಗೇಜು ಸೇರಿದ ಕಾರನ್ನು ಅಷ್ಟು ಮೇಲಕ್ಕೆ ಎತ್ತೋಕೇ ಸುಮಾರು 4 ಯೂನಿಟ್ ಬೇಕು. ಬ್ಯಾಟರಿಯ ಐದನೇ ಒಂದು ಪಾಲು! ಅದರಲ್ಲಿ ಹೆಚ್ಚಿನದು ಗುಂಡ್ಯ ದಾಟಿದ ಮೇಲೆ, ಅಂಕಿ ಕಣ್ಣೆದುರೇ ಇಳಿಯುತ್ತದೆ. ಮಂಗಳೂರಿಗೆ ಹೋಗುವಾಗ ಇಳಿಜಾರಿನಲ್ಲಿ ಒಂದಿಷ್ಟು ವಾಪಸ್ ಬರುತ್ತದೆ, ಅದು ಬೇರೆ ಮಾತು. ಊರಿಗೆ ಬರುವಾಗ ಮಾತ್ರ ಘಾಟ್ ಹತ್ತೋ ಮೊದಲು ಉಪ್ಪಿನಂಗಡಿ, ನೆಲ್ಯಾಡಿ ಕಡೆ ಎಲ್ಲಾದರೂ ಚಾರ್ಜ್ ಮಾಡಿಕೊಳ್ಳಲೇಬೇಕು.

ಮಳೆಗಾಲದಲ್ಲಿ ಶಿರಾಡಿ ಕಥೆ ನಿಮಗೇ ಗೊತ್ತು. 2024ರ ಜುಲೈನಲ್ಲಿ ಸಕಲೇಶಪುರದ ಹತ್ತಿರ ಗುಡ್ಡ ಕುಸಿದು ದಾರಿ ಬಂದ್ ಆಗಿತ್ತು. ಹಾಗಾದರೆ ಚಾರ್ಮಾಡಿ ಸುತ್ತಿ, ಕೊಟ್ಟಿಗೆಹಾರ, ಮೂಡಿಗೆರೆ ಮೇಲೆ ಬರಬೇಕು. ಪೆಟ್ರೋಲ್ ಕಾರಿನವರಿಗೆ ಅದು ಬರೀ ತಡ. ಸಣ್ಣ ಬ್ಯಾಟರಿಯವರಿಗೆ ಕತ್ತಲೆ, ಮಂಜಿನ ನಡುವೆ ಹೊಸ ಲೆಕ್ಕ. 19 ವರ್ಷದ, ಹೊಸದಾಗಿ ಡಿಎಲ್ ತೆಗೆದ ಮಗು ಆ ಲೆಕ್ಕ ಹಾಕುತ್ತಾ ಓಡಿಸೋದು ನನಗೆ ಇಷ್ಟವಿಲ್ಲ. ನಿಜ ಹೇಳಬೇಕೆಂದರೆ ಪೆಟ್ರೋಲ್ ಕಾರಾದರೂ ಮೊದಲ ವರ್ಷ ಘಾಟ್ ಬೇಡ. ಕೆಎಸ್‌ಆರ್‌ಟಿಸಿ ಸಾಮಾನ್ಯ ಬಸ್ಸಿದೆ, ಶಕ್ತಿ ಯೋಜನೆಯಲ್ಲಿ ಮಗಳಿಗೆ ಟಿಕೆಟ್ ದುಡ್ಡೂ ಇಲ್ಲ.

ಹಾಗಂತ ಎಲೆಕ್ಟ್ರಿಕ್ ಕಾರು ಯಾವ ವಿದ್ಯಾರ್ಥಿಗೂ ಬೇಡ ಎನ್ನುತ್ತಿಲ್ಲ. ಮಂಡ್ಯದ ಸ್ವಂತ ಮನೆಯಿಂದ ದಿನಾ ಮೈಸೂರಿನ ಕಾಲೇಜಿಗೆ ಹೋಗಿ ಬರುವ ಹುಡುಗ ಇದೇ ಪ್ರಶ್ನೆ ಕೇಳಿದ್ದರೆ, ಕಣ್ಣುಮುಚ್ಚಿ ತಗೋ ಎನ್ನುತ್ತಿದ್ದೆ. ಹೋಗಿ ಬರಲು 90 ಕಿಲೋಮೀಟರ್, ತಿಂಗಳಿಗೆ 2,000ಕ್ಕೂ ಜಾಸ್ತಿ. ದಾರಿ ಸಮತಟ್ಟು, ಪ್ಲಗ್ ಸ್ವಂತದ್ದು, ರಾತ್ರಿ ಹಾಕಿದರೆ ಬೆಳಿಗ್ಗೆ ಫುಲ್. ಪೆಟ್ರೋಲಿಗೆ ಹೋಲಿಸಿದರೆ ತಿಂಗಳಿಗೆ 10,000 ಉಳಿಯುತ್ತದೆ. ಆ ಹೆಚ್ಚಿನ 3 ಲಕ್ಷ ಎರಡೂವರೆ ವರ್ಷದಲ್ಲಿ ವಸೂಲಿ, ಡಿಗ್ರಿ ಮುಗಿಯೋ ಮೊದಲೇ.

ಓಡಿಸೋಕೆ ಕಲಿಯುವವರಿಗೂ ಅದು ಸುಲಭ. ಕ್ಲಚ್ ಇಲ್ಲ, ಗೇರ್ ಇಲ್ಲ, ಏರಿನಲ್ಲಿ ಗಾಡಿ ಆಫ್ ಆಗಿ ಹಿಂದಿನವರ ಹಾರ್ನ್ ಕೇಳೋ ಅವಮಾನ ಇಲ್ಲ. ತೊಂದರೆಯೂ ಅಲ್ಲೇ ಇದೆ: ಎಲೆಕ್ಟ್ರಿಕ್ ಕಾರಿನಲ್ಲೇ ಕೈ ಪಳಗಿದವರಿಗೆ ಮನೆಯ ಓಮ್ನಿಯನ್ನೋ ಬೊಲೆರೊವನ್ನೋ ಓಡಿಸು ಎಂದರೆ ಕೈಕಾಲು ಆಡುವುದಿಲ್ಲ. ಮತ್ತೆ, ಆಕ್ಸಿಲರೇಟರ್ ಒತ್ತಿದ ತಕ್ಷಣ ಅದು ಚಿಮ್ಮುತ್ತದೆ, ಸದ್ದೂ ಇಲ್ಲ. ಗಲ್ಲಿಯಲ್ಲಿ ನಡೆಯುವವರಿಗೂ ನಾಯಿಗೂ ಹಿಂದೆ ಕಾರು ಬಂದದ್ದು ಗೊತ್ತಾಗುವುದಿಲ್ಲ.

ನಿಮ್ಮ ಮಗಳ ವಿಷಯಕ್ಕೆ ಬಂದರೆ, ನಾನಾಗಿದ್ದರೆ ಮೂರು ಲಕ್ಷದೊಳಗಿನ, ಸರ್ವಿಸ್ ದಾಖಲೆ ಸರಿಯಿರುವ ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಕಾರು ಹುಡುಕುತ್ತಿದ್ದೆ. ಮೊದಲ ಕಾರಿಗೆ ಗೋಡೆ ಉಜ್ಜುತ್ತದೆ, ಬಂಪರ್ ಹೋಗುತ್ತದೆ. ಹಳೇ ಕಾರಾದರೆ ಹೊಟ್ಟೆ ಉರಿಯುವುದಿಲ್ಲ. ಎಲೆಕ್ಟ್ರಿಕ್ಕೇ ಬೇಕು ಎಂದು ಅವಳ ಹಟವಾದರೆ, ಬ್ಯಾಟರಿ ಬಿಚ್ಚಿ ರೂಮಿಗೆ ಒಯ್ಯಬಹುದಾದ ಸ್ಕೂಟರ್ ನೋಡಿ. ವಿಡಾ ಅಂಥದ್ದು. ಪಾರ್ಕಿಂಗ್‌ನ ಪ್ಲಗ್ಗಿನ ಜಗಳ ಅಲ್ಲಿಗೆ ಮುಗಿಯಿತು. ರೂಮಿನಲ್ಲಿ ಚಾರ್ಜ್ ಮಾಡಲು ಓನರ್ ಒಪ್ಪಿಗೆ ಮಾತ್ರ ಆಗಲೂ ಬೇಕು.

ಇಷ್ಟು ಹೇಳಿದ ಮೇಲೂ ಎಲೆಕ್ಟ್ರಿಕ್ ಕಾರನ್ನೇ ತಂದಿರಿ ಎಂದುಕೊಳ್ಳಿ. ಬೇಸಿಗೆ ರಜೆಗೆ ಅದು ಹಾಸನದ ಮನೆಗೆ ಬರುತ್ತದೆ. ಒಂದು ಸಲ ಫುಲ್ ಚಾರ್ಜ್‌ಗೆ 22 ಯೂನಿಟ್ ಹತ್ತಿರ, ವಾರಕ್ಕೊಂದು ಸಲ ಎಂದರೂ ತಿಂಗಳಿಗೆ 90. ನಿಮಗೆ ಗೃಹಜ್ಯೋತಿ ಇದ್ದರೆ, ಮನೆ ಬಳಕೆಯ ಜೊತೆ ಸೇರಿ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ನೀವೇ ಕಟ್ಟಬೇಕು. ತಿಂಗಳ ಕೊನೆಗೆ ಬರುತ್ತಾ ಮೀಟರ್ ನೋಡಿಕೊಂಡೇ ಪ್ಲಗ್ ಹಾಕಿ.